ಸಹಾಯ ಬೇಕು: ಮನಸ್ಸು ಕೆಟ್ಟ ದಿನ ನಿದ್ದೆಯೂ ಕೆಡುತ್ತೆ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ದಿನದ ಮೂಡ್‌ಗೆ 10ಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಪಕ್ಕದಲ್ಲೇ ರಾತ್ರಿ ನಿದ್ದೆ ಹೇಗಿತ್ತು ಅಂತ ಬರೆದಿಡ್ತಿದ್ದೀನಿ. ಬೇಜಾರಾದ ದಿನ ನಿದ್ದೆ ಬೇಗ ಬರುತ್ತೆ, ಆದ್ರೆ 3 ಗಂಟೆಗೆ ಪಟ್ಟಂತ ಎಚ್ಚರ. ಸಿಟ್ಟು ಬಂದ ದಿನ ಕಣ್ಣು ಮುಚ್ಚೋದೇ ಕಷ್ಟ. ಯಾರಿಗೋ ಕೊಡಬೇಕಿದ್ದ ಉತ್ತರಗಳೆಲ್ಲ ದಿಂಬಿಗೆ ತಲೆ ಇಟ್ಟಮೇಲೇ ಹೊಳೆಯೋದು! ಖುಷಿ ಜಾಸ್ತಿಯಾದ್ರೂ ನಿದ್ದೆ ಹತ್ತಲ್ಲ, ಇದನ್ನ ಮಾತ್ರ ನಾನು ಅಂದ್ಕೊಂಡಿರಲಿಲ್ಲ.

ಒತ್ತಡದಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರಿ ಮೈ ಎಚ್ಚರದಲ್ಲೇ ಉಳಿಯುತ್ತೆ, ನಿದ್ದೆಗೆಟ್ಟರೆ ಮರುದಿನ ಸಣ್ಣದಕ್ಕೂ ರೇಗುತ್ತೆ ಅಂತ ಗೊತ್ತು. ಈ ಸುತ್ತನ್ನ ಎಲ್ಲಿ ಮುರಿಯೋದು ಅನ್ನೋದೇ ನನ್ನ ಪ್ರಶ್ನೆ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟಿದ್ದೀನಿ, ದಿನಾ ಒಂದೇ ಹೊತ್ತಿಗೆ ಏಳ್ತೀನಿ. 20 ನಿಮಿಷವಾದ್ರೂ ನಿದ್ದೆ ಬರದಿದ್ರೆ ಎದ್ದು ಮಂದ ಬೆಳಕಲ್ಲಿ ಕೂತೂ ನೋಡಿದೆ. ಸ್ವಲ್ಪ ಉಪಯೋಗ ಆಯ್ತು.

ನಿದ್ರಾಹೀನತೆಗೆ ಅಂತಲೇ ಇರೋ ಸಿಬಿಟಿ ಚಿಕಿತ್ಸೆ, ಅಂದ್ರೆ ಮಾತ್ರೆ ಇಲ್ಲದೆ ಅಭ್ಯಾಸ, ಯೋಚನೆ ಬದಲಿಸೋದು, ಯಾರಾದ್ರೂ ತಗೊಂಡಿದ್ದೀರಾ? ಎಷ್ಟು ವಾರಕ್ಕೆ ವ್ಯತ್ಯಾಸ ಕಾಣ್ತು? ಮಲಗೋ ಮುಂಚೆ ಚಿಂತೆಗಳನ್ನ ಬರೆದಿಟ್ರೆ ಮನಸ್ಸು ಹಗುರ ಆಗುತ್ತಾ, ಇಲ್ಲ ಇನ್ನಷ್ಟು ಕೆದಕಿದ ಹಾಗಾಗುತ್ತಾ? ಮಾತ್ರೆ ಹೆಸರು ದಯವಿಟ್ಟು ಬೇಡ, ಅದನ್ನ ಡಾಕ್ಟರ್ ಹತ್ರಾನೇ ಕೇಳ್ತೀನಿ.