ಮಳೆಗಾಲದಲ್ಲಿ ಶಿರಸಿ–ಕಾರವಾರ ಫೋಟೋ ಸುತ್ತಾಟ: ಇದ್ದ ಕ್ಯಾಮೆರಾ ಸಾಕಾ? ಅನುಭವ ಹೇಳಿ

ಹುಬ್ಬಳ್ಳಿ ಹುಡುಗಿ
ಎಲ್ಲರಿಗೂ ನಮಸ್ಕಾರ. ಜುಲೈ ಎರಡನೇ ವಾರ ಐದು ದಿನ ರಜೆ ಸಿಕ್ಕಿದೆ. ಶಿರಸಿಯಲ್ಲಿ ಚಿಕ್ಕಮ್ಮನ ಮನೆ ಇದೆ. ಅಲ್ಲಿಂದ ಕಾರವಾರದವರೆಗೆ ಕಾಡು, ಜಲಪಾತ, ಕಡಲು ತೆಗೆಯುವ ಆಸೆ. ಎರಡು ವರ್ಷದಿಂದ ಕ್ಯಾಮೆರಾ ಕಪಾಟಿನಲ್ಲೇ ಇದೆ, ಯಾಕೋ ಮುಟ್ಟುವ ಮನಸ್ಸೇ ಬಂದಿಲ್ಲ. ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ ಲೆನ್ಸ್. ಕೈಯಲ್ಲಿ 40 ಸಾವಿರ ಇದೆ. ಹೊಸ ಲೆನ್ಸ್ ತೆಗೆದುಕೊಳ್ಳಲಾ, ಇದ್ದದ್ದರಲ್ಲೇ ಹೊರಡಲಾ? ಅಮ್ಮನೂ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ.

ಹಪ್ಪಳದ ಡಬ್ಬಿ, ಸಿದ್ದಾಪುರ
ಲೆನ್ಸ್ ಅಂದಕೂಡಲೇ ಹೊಟ್ಟೆ ಉರಿಯಿತು. 2019ರಲ್ಲಿ ಅಡಿಕೆ ದುಡ್ಡು ಬಂದಾಗ 42,500 ಕೊಟ್ಟು ವೈಡ್ ಲೆನ್ಸ್ ತಂದೆ. ಒಂದು ಮಳೆಗಾಲ ಬೀರುವಿನಲ್ಲಿಟ್ಟೆ, ಅಷ್ಟೇ. ದೀಪಾವಳಿಗೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ಬೆಂಗಳೂರಿಗೆ ಕಳಿಸಿದೆ. ಕೊರಿಯರ್ 480, ಕ್ಲೀನಿಂಗ್ 6,800, ವಾಪಸ್ ಬರಲು 47 ದಿನ. ಮುಂದಿನ ಆಗಸ್ಟ್‌ಗೆ ಅದೇ ಮೂಲೆಯಲ್ಲಿ ಮತ್ತೆ ಚಿಗುರಿತು!

ಡ್ರೈ ಕ್ಯಾಬಿನೆಟ್ ತಗೊಳ್ಳಿ ಅಂದರು, ಕರೆಂಟಿನಲ್ಲಿ ಒಳಗಿನ ತೇವ ತೆಗೆಯುವ ಪೆಟ್ಟಿಗೆ. 9,200. ನಮ್ಮ ಕಡೆ ತಂತಿ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟ್ ಇಲ್ಲ. ಆಗ ಅದು ಬರೀ ಗಾಜಿನ ಬಾಗಿಲಿನ ಪೆಟ್ಟಿಗೆ. ಕೊನೆಗೆ ಹೆಂಡತಿಯ ಹಲಸಿನ ಹಪ್ಪಳದ ಡಬ್ಬಿ ಎತ್ತಿಕೊಂಡೆ, ಮುಚ್ಚಳಕ್ಕೆ ರಬ್ಬರ್ ಇರುವಂಥದ್ದು. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಮಣಿ ಅರ್ಧ ಕೆಜಿ. ನೀಲಿ ಮಣಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಳೇ ಕಾವಲಿಯಲ್ಲಿ ಸಣ್ಣ ಉರಿಗೆ ಹುರಿಯುತ್ತೇನೆ, ಮತ್ತೆ ನೀಲಿ ಬರುವವರೆಗೆ. ಜುಲೈಯಲ್ಲಿ ವಾರಕ್ಕೆರಡು ಸಲ. ದೋಸೆ ಕಾವಲಿ ಮಾತ್ರ ಬೇಡ, ಆ ನೀಲಿ ಬಣ್ಣ ವಿಷ. ನಾಲ್ಕು ವರ್ಷವಾಯಿತು, ಫಂಗಸ್ ಇಲ್ಲ. ಹಪ್ಪಳ ಮೆತ್ತಗಾಯಿತು ಅಂತ ಮನೆಯಲ್ಲಿ ಇವತ್ತಿಗೂ ಮಾತು ಕೇಳುತ್ತೇನೆ, ಅದು ಬೇರೆ.

ಮೊಬೈಲೇ ಸಾಕು, ಕುಮಟಾ
ಇದಕ್ಕೇ ನಾನು ಎಲ್ಲ ಮಾರಿ ಕೈ ತೊಳೆದುಕೊಂಡೆ. 1,10,000ದ ಸಾಮಾನು, ಕೈಗೆ ಬಂದದ್ದು 38,000. ಆವತ್ತು ರಾತ್ರಿ ಊಟ ಸೇರಲಿಲ್ಲ. ಆದರೆ ಈಗ ಆರಾಮ. ಕಳೆದ ವರ್ಷ ಯಾಣದಲ್ಲಿ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು ಮೇಲಕ್ಕೆ ನೋಡುತ್ತಾ ತೆಗೆದೆ. 120 ಮೀಟರ್ ಕಪ್ಪು ಕಲ್ಲು, ಮೇಲಿಂದ ಮಂಜು ಇಳಿಯುತ್ತಿತ್ತು. ಮೊಬೈಲ್‌ಗೆ ಹಾಲಿನ ಪ್ಯಾಕೆಟ್ ಕವರ್ ಸುತ್ತಿದ್ದೆ, ಖರ್ಚು ಸೊನ್ನೆ. ತಂಗಿಯ ಮನೆಯಲ್ಲಿ ಮೂರಡಿ ಪ್ರಿಂಟ್ ತೂಗುತ್ತಿದೆ. ಯಾವ ಕ್ಯಾಮೆರಾ ಅಂತ ಒಬ್ಬರೂ ಕೇಳಿಲ್ಲ.

ಕೆಪ್ಪಜೋಗ
ಹತ್ತಡಿ ದೂರ ನಿಂತರೆ ಎಲ್ಲಾ ಪ್ರಿಂಟೂ ಚೆಂದವೇ. ಹತ್ತಿರ ಹೋಗಿ ನೋಡಿ, ಎಲೆಯೆಲ್ಲ ಹಸಿರು ಗಂಜಿ.

ನನ್ನ ಲೆಕ್ಕ ಕೇಳಿ. ಉಂಚಳ್ಳಿ ಜಲಪಾತಕ್ಕೆ ಮಳೆಗಾಲದಲ್ಲೇ 11 ಸಲ ಹೋಗಿದ್ದೇನೆ. ಒಂಬತ್ತು ಸಲ ಬರೀ ಬಿಳಿ ಮಂಜು. ಅಘನಾಶಿನಿ 116 ಮೀಟರ್ ಕೆಳಗೆ ಬೀಳುವ ಸದ್ದು ಎದೆಗೆ ಬಡಿಯುತ್ತದೆ, ಕಣ್ಣಿಗೆ ಏನೂ ಇಲ್ಲ. ಸುಮ್ನೆ ಕೆಪ್ಪ ಜೋಗ ಅಂತ ಕರೆದಿಲ್ಲ ಊರವರು. ಹತ್ತನೇ ಸಲ ಕೊಡೆ ಹಿಡಿದು ಮೂರು ಗಂಟೆ ಕೂತೆ. ನಾಲ್ಕು ನಿಮಿಷ ಪರದೆ ಸರಿಯಿತು. ಸಿಕ್ಕಿದ್ದು ಆರು ಫೋಟೋ. ಕಾಲಿನಿಂದ ಕಿತ್ತ ಉಂಬಳ (ಜಿಗಣೆ) 23, ಎಣಿಸಿದ್ದೇನೆ. ಲೆನ್ಸ್‌ಗಿಂತ ಮೊದಲು ಪೋಲರೈಸರ್ ತಗೊಳ್ಳಿ, ಲೆನ್ಸ್ ಮುಂದೆ ಹಾಕುವ ಫಿಲ್ಟರ್. ನೆನೆದ ಎಲೆಯ ಮೇಲಿನ ಬಿಳಿ ಹೊಳಪು ಅಳಿಸಿದರೇ ನಿಜವಾದ ಹಸಿರು ಬರುವುದು. ಅದು ಎರಡು ಸ್ಟಾಪ್‌ವರೆಗೆ ಬೆಳಕು ತಿನ್ನುತ್ತದೆ, ಅಂದರೆ ಕಾಲು ಭಾಗವಷ್ಟೇ ಉಳಿಯುತ್ತದೆ, ಟ್ರೈಪಾಡ್ ಬೇಕೇ ಬೇಕು. ಶಟರ್ ಅರ್ಧ ಸೆಕೆಂಡಿಗೆ ಇಳಿದರೆ ನೀರು ಹಾಲಿನ ಹಾಗೆ ಬರುತ್ತದೆ.

ಮೊಬೈಲೇ ಸಾಕು, ಕುಮಟಾ
ಜುಲೈಯಲ್ಲಿ ಕೆಂಪು ಮಣ್ಣು ತೊಳೆದುಕೊಂಡು ಬರುತ್ತದೆ ಮಾರಾಯ್ರೇ. ಅದು ಹಾಲಲ್ಲ, ಚಾ.

ಕೆಪ್ಪಜೋಗ
ಹಾಗಾದರೆ ಸಕ್ಕರೆ ಹಾಕಿಕೊಂಡು ಕುಡಿಯಿರಿ. ಪ್ಲಾಸ್ಟಿಕ್ ಕವರ್ ಕಟ್ಟಿದವರ ಹತ್ತಿರ ಪಾಠ ಬೇಡ.

ಬೈತಖೋಲ್ ಗಾಳಿ, ಕಾರವಾರ
ಘಟ್ಟದ ಮೇಲಿನವರು ಜಗಳ ಮುಗಿಸಿದರೆ ಕಡಲಿನ ಮಾತು ಆಡಬಹುದಾ? ಗೋಕರ್ಣದ ಓಂ ಬೀಚಿನ ಬಂಡೆ ಮೇಲೆ ಟ್ರೈಪಾಡ್ ಊರಿ, 'ಇನ್ನೊಂದೇ ಅಲೆ' ಅಂತ ಕಾದವನು ನಾನು. ಆ ಇನ್ನೊಂದು ಅಲೆ ಬಂತು. ಕ್ಯಾಮೆರಾ ರಿಪೇರಿಗೆ 31,000 ಹೇಳಿದರು, ಬಿಟ್ಟುಬಿಟ್ಟೆ. ಟ್ರೈಪಾಡ್ ಮನೆಗೆ ತಂದು ಒಣ ಬಟ್ಟೆಯಲ್ಲಿ ಒರೆಸಿಟ್ಟೆ. ಸಿಹಿನೀರಲ್ಲಿ ತೊಳೆಯಲಿಲ್ಲ. ತಿಂಗಳಲ್ಲಿ ಕಾಲು ಒಳಗೇ ಕಚ್ಚಿಕೊಂಡಿತು. ಅದು 4,200.

ಜುಲೈಯಲ್ಲಿ ದ್ವೀಪದ ಆಸೆ ಬಿಡಿ, ದೋಣಿ ಬಿಡುವುದಿಲ್ಲ. ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಬೋಟುಗಳೆಲ್ಲ ಬೈತಖೋಲ್ ಬಂದರಿನಲ್ಲಿ ಒತ್ತಿಕೊಂಡು ನಿಂತಿರುತ್ತವೆ, ಟಾರ್ಪಾಲ್ ಹೊದ್ದುಕೊಂಡು. ನನಗೆ ಆ ಫೋಟೋವೇ ಇಷ್ಟ. ಅರಗಾದ ನೌಕಾನೆಲೆ ಕಡೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ದಾರಿಯಲ್ಲಿ ಅಂಕೋಲೆಯ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಜನ ಸತ್ತ ಜಾಗ. ಅಲ್ಲಿ ಕಾರು ನಿಲ್ಲಿಸಿ ಗುಡ್ಡ ತೋರಿಸುತ್ತಾ ರೀಲ್ಸ್ ಮಾಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಮನಸ್ಸು ಬರ್ತಿಲ್ಲ ಅಂದಿರಲ್ಲ. ರವೀಂದ್ರನಾಥ ಟ್ಯಾಗೋರರು ಹರೆಯದಲ್ಲಿ ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಯಲ್ಲಿದ್ದರು. ಕಾಳಿ ನದಿಯಲ್ಲಿ ದೋಣಿ ಹತ್ತಿ ತಿರುಗಿದರು, ಇಲ್ಲೇ ಒಂದು ನಾಟಕ ಬರೆದರು. ಸಂಜೆ ಸುಮ್ನೆ ಮರಳಲ್ಲಿ ಕೂತುಕೊಳ್ಳಿ.

ಹಪ್ಪಳದ ಡಬ್ಬಿ, ಸಿದ್ದಾಪುರ
ಟ್ಯಾಗೋರರಿಗೆ ಫಂಗಸ್ ಚಿಂತೆ ಇರಲಿಲ್ಲ.

ತೋಟದಂಚು, ಯಲ್ಲಾಪುರ
ನಿಮ್ಮ ಫೋಟೋಗಳ ಬಿಲ್ ನಾನು ಕಟ್ಟಿದ್ದೇನೆ. ನಮ್ಮ ಬೆಟ್ಟದ ಕೆಳಗೆ ಒಂದು ಸಣ್ಣ ಅಬ್ಬಿ (ಜಲಪಾತ) ಇದೆ. ಹೆಸರು ಹೇಳುವುದಿಲ್ಲ. ಯಾರೋ ಪುಣ್ಯಾತ್ಮ ಲೊಕೇಶನ್ ಸಮೇತ ಫೋಟೋ ಹಾಕಿದ. ಮುಂದಿನ ಶನಿವಾರ 14 ಬೈಕು. ತೋಟಕ್ಕೆ ಬರುವ ಹಳ್ಳದಲ್ಲಿ ಬಿಯರ್ ಬಾಟಲಿ ಒಡೆದು ಹೋದರು. ಮದ್ದು ಹೊಡೆಯಲು ಬಂದವನ ಹಿಮ್ಮಡಿಗೆ ಐದು ಹೊಲಿಗೆ. ಆಸ್ಪತ್ರೆಗೆ 2,300, ಅವನ ಹತ್ತು ದಿನದ ಕೂಲಿ ಬೇರೆ. ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವುದು ತಡವಾಗಿ ಎರಡು ಸಾಲಿಗೆ ಕೊಳೆರೋಗ ಬಂತು. ಸ್ಫೂರ್ತಿ ನಿಮಗೆ, ಕೊಳೆ ನನಗೆ.

ಕೆಪ್ಪಜೋಗ
ಫೋಟೋ ತೆಗೆಯುವವರೆಲ್ಲ ಬಾಟಲಿ ಒಡೆಯುವವರಲ್ಲ.

ತೋಟದಂಚು, ಯಲ್ಲಾಪುರ
ದಾರಿ ತೋರಿಸಿದವರು ನೀವೇ ಅಲ್ವಾ? ನಿಮ್ಮ ಆರು ಫೋಟೋದಲ್ಲಿ ಎಷ್ಟಕ್ಕೆ ಲೊಕೇಶನ್ ಇದೆ ಹೇಳಿ ನೋಡುವಾ.

ಕೆಪ್ಪಜೋಗ
ಉಂಚಳ್ಳಿಗೆ ಬೋರ್ಡೇ ಇದೆ ಸ್ವಾಮಿ!

ಹುಬ್ಬಳ್ಳಿ ಹುಡುಗಿ
ಎಲ್ಲರಿಗೂ ಧನ್ಯವಾದ. ಲೆನ್ಸ್ ಬೇಡ, ಪೋಲರೈಸರ್ ಮತ್ತು ರಬ್ಬರ್ ಡಬ್ಬಿ ಅಂತ ಅರ್ಥ ಮಾಡಿಕೊಂಡೆ. ಲೊಕೇಶನ್ ಹಾಕುವುದಿಲ್ಲ, ಮಾತು ಕೊಟ್ಟೆ. ಆದರೆ ಅಮ್ಮನ ಮೊಣಕಾಲು? ಯಾಣ, ಉಂಚಳ್ಳಿ ಎರಡಕ್ಕೂ ಮೆಟ್ಟಿಲಿದೆ ಅಲ್ವಾ?

ಸುಣ್ಣದ ಡಬ್ಬಿ, ಶಿರಸಿ
ಅಷ್ಟು ಜನ ಬರೆದರು, ಅಮ್ಮನನ್ನು ಎಲ್ಲರೂ ಮರೆತರು. ತಂಗೀ, ಕುಮಟಾ ರಸ್ತೆಯ ದೇವಿಮನೆ ಘಟ್ಟಕ್ಕೆ ಬೆಳಿಗ್ಗೆ ಏಳಕ್ಕೆ ಹೋಗಿ. ಮಂಜು ರಸ್ತೆ ಮೇಲೇ ದಾಟುತ್ತಿರುತ್ತದೆ, ಕಾರಿನಿಂದ ಇಳಿಯುವುದೂ ಬೇಡ. ರಸ್ತೆ ತೆರೆದಿದೆಯಾ ಅಂತ ಹಿಂದಿನ ದಿನ ಚಿಕ್ಕಮ್ಮನ ಮನೆಯಲ್ಲಿ ಕೇಳಿಕೊಳ್ಳಿ. ಸಹಸ್ರಲಿಂಗ ಈಗ ಬೇಡ, ಬಂಡೆಯಲ್ಲಿ ಕೆತ್ತಿದ ಲಿಂಗಗಳೆಲ್ಲ ಶಾಲ್ಮಲಾ ನದಿಯ ನೀರಿನಡಿ ಇರುತ್ತವೆ. ಕಾರಿನ ಎಸಿ ಮಾತ್ರ ಹಾಕಬೇಡಿ. ಹೊರಗೆ ತಂದ ಕೂಡಲೇ ಲೆನ್ಸ್ ಬೆವರುತ್ತದೆ, ಒರೆಸಿದಷ್ಟೂ ಬರುತ್ತದೆ. ಉಂಬಳಕ್ಕೆ ಉಪ್ಪು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಮಳೆಯಲ್ಲಿ ಕರಗಿ ಹೋಗುತ್ತದೆ. ಕಾಲಿಗೆ ಸುಣ್ಣ ಸವರಿ.

ಮೊಬೈಲೇ ಸಾಕು, ಕುಮಟಾ
ಸುಣ್ಣ ಹಚ್ಚಿ ಚರ್ಮ ಸುಟ್ಟುಕೊಂಡವನು ನಾನಿದ್ದೇನೆ. ಎಂಟು ದಿನ ಚಪ್ಪಲಿ ಹಾಕಲಾಗಲಿಲ್ಲ. ಹೊಗೆಸೊಪ್ಪಿನ ನೀರು ಹಚ್ಚಿ.

ಸುಣ್ಣದ ಡಬ್ಬಿ, ಶಿರಸಿ
ಕವಳದ ಎಲೆಗೆ ಹಚ್ಚುವಷ್ಟು ಹಚ್ಚಬೇಕು, ಗೋಡೆಗೆ ಬಳಿಯುವಷ್ಟಲ್ಲ.