ಸಕಲೇಶಪುರದ ಗ್ರಂಥಾಲಯಕ್ಕೆ ಕೋಹಾ ಹಾಕಬೇಕು, ತಿಳಿದವರು ಹೇಳಿ

ಪ್ರಶ್ನೆ (ಸಕಲೇಶಪುರ): ಸಂಘವೊಂದು ನಡೆಸುವ ಗ್ರಂಥಾಲಯ. ಸುಮಾರು 6,000 ಪುಸ್ತಕ, ಮುಕ್ಕಾಲು ಪಾಲು ಕನ್ನಡದವು. ರಿಜಿಸ್ಟರಿನ ಅರ್ಧ ಭಾಗವನ್ನು ಹಿಂದೆ ಯಾರೋ ನುಡಿ ಫಾಂಟಿನಲ್ಲಿ ಎಕ್ಸೆಲ್‌ಗೆ ಏರಿಸಿದ್ದಾರೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಶಕ್ತಿಯಿಲ್ಲ, ಉಚಿತವಾಗಿ ಸಿಗುವ ಗ್ರಂಥಾಲಯ ಸಾಫ್ಟ್‌ವೇರ್ ಕೋಹಾ ಹಾಕೋಣ ಅಂತಿದ್ದೇವೆ. ಎಂಥ ಕಂಪ್ಯೂಟರ್ ಬೇಕು? ಕನ್ನಡದಲ್ಲಿ ಹುಡುಕಿದರೆ ಸಿಗುತ್ತದಾ? ನಮ್ಮ ಮಳೆಗಾಲದ ಕರೆಂಟಿಗೆ ಏನು ಮಾಡೋದು?

ಉತ್ತರ (ಹಾಸನ, ಕಾಲೇಜು ಗ್ರಂಥಪಾಲಕರು): ಧೈರ್ಯವಾಗಿ ಹಾಕಿ. ಇದನ್ನು ಮಾಡಿಸಿದ್ದೇ ಒಂದು ಗ್ರಂಥಾಲಯ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯ ಟ್ರಸ್ಟಿನ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವಂತಿರಲಿಲ್ಲ. 1999ರಲ್ಲಿ ಹೊಸದನ್ನು ಬರೆಸಿಕೊಂಡು, 2000ದ ಜನವರಿಯಲ್ಲಿ ಬಳಕೆಗೆ ತಂದು, ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ.

8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ ಇರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ನಿಮಗೆ ಧಾರಾಳ. ವಿಂಡೋಸ್ ಬೇಡ, ಲಿನಕ್ಸ್‌ನ ಡೆಬಿಯನ್ ಅಥವಾ ಉಬುಂಟು ಹಾಕಿ. ಈ ಕಂಪ್ಯೂಟರೇ ನಿಮ್ಮ ಸರ್ವರ್, ಅದಕ್ಕೆ ಬದಲಾಗದ ಐಪಿ (ನೆಟ್‌ವರ್ಕ್ ವಿಳಾಸ) ಕೊಡಿ, ಇಲ್ಲದಿದ್ದರೆ ರೂಟರ್ ಆಫ್ ಆಗಿ ಬಂದ ದಿನ ಕೌಂಟರಿನ ಕಂಪ್ಯೂಟರ್ ಸರ್ವರನ್ನು ಹುಡುಕಿಕೊಂಡು ಕೂರುತ್ತದೆ. ಓದುಗರ ಪುಟ ತೆರೆದು ಸಿಬ್ಬಂದಿಯ ಪುಟ ಮಾತ್ರ ತೆರೆಯದಿದ್ದರೆ ಗಾಬರಿ ಬೇಡ: ಈ ಪುಟಗಳನ್ನು ಒದಗಿಸುವ ಅಪಾಚೆ ಎಂಬ ವೆಬ್ ಸರ್ವರಿನ ಪೋರ್ಟ್ ಫೈಲಿನಲ್ಲಿ 8080ರ ಸಾಲು ಸೇರಿಸುವುದು ಮರೆತಿರುತ್ತದೆ.

ಉತ್ತರ (ಚಿಕ್ಕಮಗಳೂರು, ಕ್ಯಾಟಲಾಗ್ ಕೆಲಸ): ಹಾಕುವುದು ಒಂದು ಮಧ್ಯಾಹ್ನದ ಕೆಲಸ. ತಿಂಗಳುಗಟ್ಟಲೆ ಹಿಡಿಯುವುದು ಕನ್ನಡ ಡೇಟಾ ಶುದ್ಧಮಾಡುವುದು. ಹಳೆಯ ನುಡಿ ಫಾಂಟಿನಲ್ಲಿ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ. ಫಾಂಟ್ ಬದಲಿಸಿ ನೋಡಿ, ಗೊತ್ತಾಗುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಸಾಲುಗಳನ್ನು ಕಣ್ಣಲ್ಲೇ ಓದಿ.

ಆಮೇಲೆ ಸೊನ್ನೆ ಹುಡುಕಿ. ಅನುಸ್ವಾರ (ಂ) ಬೇರೆ, ಕನ್ನಡದ ಸೊನ್ನೆ (೦) ಬೇರೆ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ‘ಸಂಪುಟ’ದಲ್ಲಿ ಅನುಸ್ವಾರದ ಜಾಗಕ್ಕೆ ಸೊನ್ನೆ ಕೂತಿದ್ದರೆ ಆ ಪುಸ್ತಕ ಕಪಾಟಿನಲ್ಲಿದ್ದರೂ ಕೋಹಾ ಇಲ್ಲ ಅನ್ನುತ್ತದೆ. ಲಿಬ್ರೆ ಆಫೀಸಿನಲ್ಲಿ ಹುಡುಕಿ ಬದಲಿಸಿ, ಆದರೆ ಕಣ್ಣುಮುಚ್ಚಿ ಅಲ್ಲ: ಸೊನ್ನೆಯ ಹಿಂದೆ ಅಕ್ಷರವಿದ್ದರೆ ಮಾತ್ರ ಬದಲಿಸಬೇಕು, ಅಂಕಿಯಿದ್ದರೆ ಬಿಡಬೇಕು. ಇಲ್ಲದಿದ್ದರೆ ‘೧೦’ ಕೆಟ್ಟುಹೋಗುತ್ತದೆ.

ಇನ್ನೊಂದು, ಕೋಹಾದ ಹುಡುಕಾಟ ಮಾಡುವ ಝೀಬ್ರಾ ಮೊದಲಿಗೆ ಇಂಗ್ಲಿಷಿನಂಥ ಲಿಪಿಗಳಿಗೆ ಹೊಂದಿಸಿದಂತೆ ಬರುತ್ತದೆ. ಅದರ ಡಿಫಾಲ್ಟ್ ಸೂಚಿ (ಇಂಡೆಕ್ಸ್) ಫೈಲಿನಲ್ಲಿ ಸಿಎಚ್‌ಆರ್ (ಅಕ್ಷರಪಟ್ಟಿ) ಸಾಲುಗಳನ್ನು # ಹಾಕಿ ಮುಚ್ಚಿ, ಐಸಿಯು (ಯುನಿಕೋಡ್ ಲಿಪಿಗಳಿಗೆ ಆಗುವ) ಸಾಲುಗಳನ್ನು # ತೆಗೆದು ತೆರೆದು, ಇಡೀ ಸೂಚಿಯನ್ನು ಮರುಕಟ್ಟಿಸಿ. ಪುಸ್ತಕ ಏರಿಸುವ ಮೊದಲೇ ಇದಾಗಲಿ.

ಹೆಸರುಗಳದ್ದೂ ಒಂದು ನಿಯಮ ಇರಲಿ. ರಿಜಿಸ್ಟರಿನಲ್ಲಿ ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ.ವಿ. ಪುಟ್ಟಪ್ಪ ಅಂತಿರುತ್ತದೆ. ಅಥಾರಿಟಿ ದಾಖಲೆಯಲ್ಲಿ (ಹೆಸರುಗಳಿಗೇ ಇರುವ ದಾಖಲೆ) 100ನೇ ಅಂಕಣದಲ್ಲಿ ನೀವು ಒಪ್ಪಿದ ಹೆಸರು, 400ರಲ್ಲಿ ಇನ್ನೊಂದು ಕೊಟ್ಟು, ಪುಸ್ತಕದ ದಾಖಲೆಗಳನ್ನು ಅದಕ್ಕೇ ಜೋಡಿಸಿ. ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಕಾದಂಬರಿ ಕಥೆಗಳಿಗೆ ಕೊನೆಗೊಂದು 3.

ಉತ್ತರ (ಅರಸೀಕೆರೆ): ಎಕ್ಸೆಲ್‌ನಿಂದ ಏರಿಸುವಾಗ ಮೊದಲು ಕೆಡುವುದು ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಸಂಖ್ಯೆ). 13 ಅಂಕಿ 9.78ಇ+12 ಆಗಿ ಕೂರುತ್ತದೆ. ಅದೇ ಸ್ಥಿತಿಯಲ್ಲಿ ಸಿಎಸ್‌ವಿ (ಬರೀ ಪಠ್ಯದ ಫೈಲ್) ಮಾಡಿದರೆ ಉಳಿದ ಅಂಕಿ ಹೋದವೇ, ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ಉಳಿಸುವಾಗ ಯುಟಿಎಫ್-8 ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ.

ಸಿಎಸ್‌ವಿಯನ್ನು ಮಾರ್ಕ್‌ಎಡಿಟ್‌ನಲ್ಲಿ ಮಾರ್ಕ್ (ಗ್ರಂಥಾಲಯ ದಾಖಲೆಗಳ ಮಾದರಿ) ಫೈಲ್ ಮಾಡಿ (ಅದು ಉಚಿತ, ಆದರೆ ಮುಕ್ತ ತಂತ್ರಾಂಶವಲ್ಲ). ಅದರ ಅಂಕಣಗಳಲ್ಲಿ ಶೀರ್ಷಿಕೆ 245ಕ್ಕೆ, ಲೇಖಕರು 100ಕ್ಕೆ, ಪ್ರತಿಯ ವಿವರ 952ಕ್ಕೆ. ಒಂದೇ ಪುಸ್ತಕದ ಐದು ಪ್ರತಿಗೆ ಐದು ದಾಖಲೆ ಬೇಡ, ಒಂದೇ ದಾಖಲೆಯಲ್ಲಿ ಐದು 952 ಇರಲಿ. ಆಕ್ಸೆಷನ್ ನಂಬರನ್ನೇ (ರಿಜಿಸ್ಟರಿನ ಕ್ರಮಸಂಖ್ಯೆ) ಬಾರ್‌ಕೋಡ್ ಮಾಡುವುದಾದರೆ ಎರಡು ಬಾರಿ ಬಂದ ನಂಬರುಗಳನ್ನು ಮುಂಚೆಯೇ ತೆಗೆಯಿರಿ, ಕೋಹಾ ಒಂದೇ ಬಾರ್‌ಕೋಡನ್ನು ಎರಡು ಪ್ರತಿಗೆ ಕೊಡುವುದಿಲ್ಲ. ಗ್ರಂಥಾಲಯದ ಕೋಡ್, ಐಟಂ ಟೈಪ್ ಕೋಡ್ ಕೋಹಾದಲ್ಲಿ ಮೊದಲೇ ಇದ್ದು, ಫೈಲಿನಲ್ಲೂ ಅಕ್ಷರಶಃ ಹಾಗೇ ಇರಬೇಕು.

ಮೊದಲು 20 ದಾಖಲೆ ಏರಿಸಿ ನೋಡಿ. ತಪ್ಪಾದರೆ ಆ ಕಂತನ್ನು ವಾಪಸ್ ತೆಗೆಯುವ ಸೌಲಭ್ಯವಿದೆ. ಸರಿ ಅನ್ನಿಸಿದ ಮೇಲೆ 500ರ ಕಂತುಗಳಲ್ಲಿ ಏರಿಸಿ. ಎಲ್ಲ ಆದಮೇಲೂ ಪುಸ್ತಕ ಇಶ್ಯೂ ಆಗದಿದ್ದರೆ ಸರ್ಕ್ಯುಲೇಶನ್ ನಿಯಮ (ಯಾರಿಗೆ ಎಷ್ಟು ಪುಸ್ತಕ, ಎಷ್ಟು ದಿನ) ಬರೆದಿರುವುದಿಲ್ಲ.

ಉತ್ತರ (ಮೂಡಿಗೆರೆ): ಯುಪಿಎಸ್ ಇರುವುದು ಕೆಲಸ ಮುಂದುವರಿಸಲು ಅಲ್ಲ, ಸರ್ವರನ್ನು ಕ್ರಮವಾಗಿ ಮುಚ್ಚಲು. ಏಕಾಏಕಿ ನಿಂತರೆ ಡೇಟಾಬೇಸ್ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಝೀಬ್ರಾ ಸೂಚಿ ಮಾತ್ರ ಕೆಡಬಹುದು. ಮರುಕಟ್ಟಿಸಿದರೆ ಸರಿಹೋಗುತ್ತದೆ. ಹಳೆಯ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಹೊಸದು ಹಾಕಿ. ಅದು ಸತ್ತಿದ್ದು ಇಂಟರ್‌ನೆಟ್ಟೂ ಇಲ್ಲದಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿ, ಅವತ್ತು ಕೊಟ್ಟ ಪುಸ್ತಕಗಳ ವಾಪಸಿನ ದಿನಾಂಕವೆಲ್ಲ ತಪ್ಪು. ಮಳೆಗಾಲದಲ್ಲಿ ದಿನವಿಡೀ ಕರೆಂಟಿಲ್ಲದಾಗ ಸದಸ್ಯರ ನಂಬರ್, ಬಾರ್‌ಕೋಡ್, ದಿನಾಂಕ ಹಾಳೆಯಲ್ಲಿ ಬರೆದಿಟ್ಟು ಆಮೇಲೆ ಏರಿಸಿ. ವಾಪಸ್ ಬಂದ ದಿನಾಂಕವನ್ನು ಕೈಯಲ್ಲೇ ಕೊಡಿ, ಇಲ್ಲವಾದರೆ ಓದುಗರ ಮೇಲೆ ಸುಮ್ಮನೆ ದಂಡ ಬೀಳುತ್ತದೆ.

ಬ್ಯಾಕಪ್ ದಿನಾ ತಾನಾಗಿ ಆಗುತ್ತದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಅದು ಅದೇ ಡಿಸ್ಕಿನಲ್ಲಿ ಬೀಳುತ್ತದೆ, ಎರಡು ದಿನಕ್ಕಿಂತ ಹಳೆಯದು ಅಳಿಸಿಹೋಗುತ್ತದೆ. ಡೇಟಾಬೇಸಿನದೊಂದು, ಸಂರಚನೆಯದೊಂದು, ಎರಡೂ ಫೈಲ್ ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹೋಗಲಿ, ಪೆನ್‌ಡ್ರೈವ್ ಬೇರೆ ಕಟ್ಟಡದಲ್ಲಿರಲಿ.

ಬಾರ್‌ಕೋಡಿಗೆ ಒಂದು ಎ4ಗೆ 65 ಬರುವ ಲೇಬಲ್ ಹಾಳೆ ಸಾಕು, 6,000ಕ್ಕೆ 93 ಹಾಳೆ, ಹಾಳಾಗುವುದೂ ಸೇರಿ 100 ತನ್ನಿ. ಲೇಸರ್ ಪ್ರಿಂಟೇ ಆಗಬೇಕು, ಇಂಕ್‌ಜೆಟ್ ಮಸಿ ನಮ್ಮ ಶೀತಕ್ಕೆ ಹರಡುತ್ತದೆ. ಬಟ್ಟೆ ಬೈಂಡಿಂಗಿನ ಮೇಲೆ ಅಂಟು ನಿಲ್ಲದು, ಒಳಗಿನ ಮೊದಲ ಪುಟಕ್ಕೆ ಅಂಟಿಸಿ.

ಪ್ರಶ್ನೆ (ಸಕಲೇಶಪುರ): ಎಲ್ಲರಿಗೂ ತುಂಬಾ ಧನ್ಯವಾದ. ಪರದೆಯೂ ಕನ್ನಡದಲ್ಲೇ ಬರುತ್ತದಾ?

ಉತ್ತರ (ಚಿಕ್ಕಮಗಳೂರು, ಕ್ಯಾಟಲಾಗ್ ಕೆಲಸ): ಕನ್ನಡ ಭಾಷಾ ಫೈಲ್ ಹಾಕಿಕೊಳ್ಳಬಹುದು. ಅನುವಾದವಾಗದ ಸಾಲುಗಳು ಇಂಗ್ಲಿಷಿನಲ್ಲೇ ಕಾಣುತ್ತವೆ, ಅವನ್ನು ತುಂಬಬೇಕಾದವರು ನಾವೇ. ಕೋಹಾ ಸಮುದಾಯದ ಅನುವಾದ ತಾಣ ವೆಬ್ಲೇಟ್‌ನಲ್ಲಿ ಖಾತೆ ತೆರೆದು ಒಂದೊಂದೇ ಸಾಲು ಮಾಡಬಹುದು, ಪ್ರೋಗ್ರಾಮಿಂಗ್ ಬರಬೇಕಿಲ್ಲ. ಶೇಕಡಾ ಚಿಹ್ನೆಯ ಜೊತೆ ಎಸ್ ಅಕ್ಷರ ಇರುವಲ್ಲಿ ಅದನ್ನು ಹಾಗೇ ಉಳಿಸಿ, ಅಲ್ಲಿ ಹೆಸರೋ ಸಂಖ್ಯೆಯೋ ಬಂದು ಕೂರುತ್ತದೆ. ‘ಓವರ್‌ಡ್ಯೂ’ಗೆ ‘ಅವಧಿ ಮೀರಿದೆ’, ‘ಹೋಲ್ಡ್’ಗೆ ‘ಕಾಯ್ದಿರಿಸಿ’, ಹೀಗೆ ಕೌಂಟರಿನಲ್ಲಿ ಆಡುವ ಮಾತೇ ಇರಲಿ. ಹೊಸ ಆವೃತ್ತಿ ಮೇ ಮತ್ತು ನವೆಂಬರ್‌ನಲ್ಲಿ ಬರುತ್ತದೆ, ಅದಕ್ಕೆ ಮೊದಲು ಮಾಡಿದ್ದು ಅದರಲ್ಲೇ ಸೇರುತ್ತದೆ. ನೀವು ಓದುಗರ ಪುಟದ ಸಾಲುಗಳಿಂದ ಶುರುಮಾಡಿ, ಸಿಬ್ಬಂದಿ ಪುಟದವನ್ನು ನಾನು ನೋಡುತ್ತೇನೆ.