ಸಹಾಯ ಬೇಕು: ದ್ವಿತೀಯ ಪಿಯು ಹಾಜರಾತಿ ಕೊರತೆ

ಎಲ್ಲರಿಗೂ ನಮಸ್ಕಾರ. ನಾವು ಅಂಕೋಲಾ ಕಡೆಯವರು. ನನ್ನ ಅಕ್ಕನ ಮಗಳು ದ್ವಿತೀಯ ಪಿಯು ಸೈನ್ಸ್ ಓದುತ್ತಿದ್ದಾಳೆ. ಮಳೆಗಾಲದಲ್ಲಿ ಕಾಮಾಲೆ ಆಗಿ ಹಾಸಿಗೆ ಹಿಡಿದಳು. ವಾಸಿಯಾದ ಮೇಲೂ ಕಾಲೇಜು ಅಂದರೆ ಭಯ, ಪಾಠ ತುಂಬಾ ಮುಂದೆ ಹೋಗಿದೆ ಅಂತ ಬೆಳಗ್ಗೆ ಎದ್ದ ಕೂಡಲೇ ಅಳು, ಬಸ್ಸು ಬರುವ ಹೊತ್ತಿಗೆ ಹೊಟ್ಟೆನೋವು. ಹುಡುಗಿ ಸುಮ್ನೆ ನಾಟಕ ಮಾಡುವವಳಲ್ಲ, ಹತ್ತನೇ ತರಗತಿಯಲ್ಲಿ ಚೆನ್ನಾಗಿ ಓದಿದವಳು.

ಈಗ ಹಾಜರಾತಿ 75% ಗಿಂತ ಕಡಿಮೆ ಇದೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಕೂಡ ಜಾಸ್ತಿ ತಪ್ಪಿದೆ. ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟಿದ್ದೇವೆ. ಒಬ್ಬ ಉಪನ್ಯಾಸಕರು ಅಷ್ಟು ಸಾಕು ಅನ್ನುತ್ತಾರೆ, ಆಫೀಸಿನವರು ಸರ್ಟಿಫಿಕೇಟ್ ಇದ್ದರೂ ಪ್ರತಿ ವಿಷಯದಲ್ಲೂ 75% ಬೇಕೇ ಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುತ್ತಾರೆ. ಯಾರನ್ನು ನಂಬುವುದು? ಪ್ರಾಂಶುಪಾಲರು ನೋಡೋಣ ಅಂದಿದ್ದಾರೆ, ಬರೆದು ಏನೂ ಕೊಟ್ಟಿಲ್ಲ. ಕಾಲೇಜಿನಲ್ಲಿ ಕೌನ್ಸೆಲರ್ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿದೆವು, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ಅವಳಿಗೆ ಸ್ವಲ್ಪ ಧೈರ್ಯ ಬಂದಿದೆ. ಆದರೆ ಎದುರು ಕೂತು ಮಾತಾಡುವವರು ಬೇಕು ಅನಿಸುತ್ತದೆ.

ಸೈನ್ಸ್ ಆದ್ದರಿಂದ ಒಂದು ವರ್ಷ ಹೋದರೆ ನೀಟ್, ಸಿಇಟಿ ಎಲ್ಲ ಮುಂದಕ್ಕೆ ಹೋಗುತ್ತದೆ, ಅಕ್ಕನಿಗೆ ಅದೇ ಚಿಂತೆ.

ಪಿಯು ಕಾಲೇಜಿನಲ್ಲಿ ಕೆಲಸ ಮಾಡುವವರು ಅಥವಾ ಇದೇ ಪರಿಸ್ಥಿತಿ ದಾಟಿದವರು ದಯವಿಟ್ಟು ಹೇಳಿ: ಕಾಯಿಲೆಯ ಕಾರಣಕ್ಕೆ ಹಾಜರಾತಿ ವಿನಾಯಿತಿ ಕೇಳುವ ಅರ್ಜಿಯನ್ನು ಪ್ರಾಂಶುಪಾಲರಿಗೆ ಕೊಟ್ಟರೆ ಸಾಕಾ, ಅಥವಾ ನಾವೇ ಕಾರವಾರದ ಪಿಯು ಉಪನಿರ್ದೇಶಕರ ಕಚೇರಿಗೆ ಹೋಗಬೇಕಾ? ಜೊತೆಗೆ ಯಾವ ದಾಖಲೆ ಇಡಬೇಕು? ಅಂಕೋಲಾ, ಕುಮಟಾ, ಕಾರವಾರದಲ್ಲಿ ಈ ವಯಸ್ಸಿನ ಮಕ್ಕಳನ್ನು ನೋಡುವ ಒಳ್ಳೆಯ ಆಪ್ತ ಸಮಾಲೋಚಕರು ಯಾರಿದ್ದಾರೆ?